ಪುಕ್ಕಟೆ ಕೊಟ್ಟದ್ದರ ಹೊಣೆ

ಕಳೆದ ವರ್ಷ ಮುಂಗಾರು ಹಿಡಿಯುವ ಮೊದಲು ಒಂದು ಪೆನ್‌ಡ್ರೈವ್ ಇಟ್ಟುಕೊಂಡು ಅರಸೀಕೆರೆ, ಬೇಲೂರು, ಹಳೇಬೀಡು ಸುತ್ತಿ ಬಂದಿದ್ದೆ. ಐದು ತಿಂಗಳಾದ ಮೇಲೆ ಅದೇ ಪೆನ್‌ಡ್ರೈವ್ ಇಟ್ಟುಕೊಂಡು ಅದೇ ಊರುಗಳಿಗೆ ಇನ್ನೊಮ್ಮೆ ಹೋದೆ. ಮೊದಲ ಸಲ ಹೋದದ್ದು ಪ್ರಯೋಗಾಲಯದ ಲೆಕ್ಕ ಮಾಡುವ ಒಂದು ತಂತ್ರಾಂಶದ ಹೊಸ ಆವೃತ್ತಿಯನ್ನು ಪುಕ್ಕಟೆ ಹಂಚಲು. ಎರಡನೆಯ ಸಲ ಹೋದದ್ದು, ನಾನು ಹಂಚಿದ್ದರಲ್ಲಿ ತಪ್ಪಿದೆ, ಅದು ಕೊಟ್ಟ ಉತ್ತರಗಳನ್ನು ನಂಬಬೇಡಿ ಎಂದು ಹೇಳಲು. ಈ ಎರಡು ಓಡಾಟಗಳ ನಡುವೆ ನನ್ನನ್ನು ಕಾಡಿದ ಪ್ರಶ್ನೆ ಇಷ್ಟೇ: ಕಾಸು ಪಡೆಯದೆ ಕೊಟ್ಟ ವಸ್ತುವಿಗೆ ಕೊಟ್ಟವರು ಎಲ್ಲಿಯವರೆಗೆ ಹೊಣೆ?

ವಿಷಯ ನೀರಿನದು. ಅರಸೀಕೆರೆ ಸೀಮೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇರುವುದು ಇಲ್ಲಿಯವರಿಗೆ ಹೊಸ ಸುದ್ದಿಯಲ್ಲ. ನಕ್ಕಾಗ ಕಾಣುವ ಹಲ್ಲಿನ ಕಂದು ಗೆರೆ ನೋಡಿಯೇ ಯಾವ ಕಡೆಯವರು ಎಂದು ಗುರುತಿಸುವ ಹಿರಿಯರು ನಮ್ಮಲ್ಲಿದ್ದಾರೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ 2012ರಲ್ಲಿ ಹಾಕಿದ ಮಿತಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲು, ಆಮೇಲೆ ಮೂಳೆ.

ಕಾಲೇಜು ಮಟ್ಟದ ಪ್ರಯೋಗಾಲಯದಲ್ಲಿ ಇದನ್ನು ಅಳೆಯಲು ಬಳಸುವುದು ಹೆಚ್ಚಾಗಿ ಸ್ಪಾಡ್ನ್ಸ್ ಎಂಬ ಬಣ್ಣದ ದ್ರಾವಣ. ನೀರಿಗೆ ಈ ಕೆಂಪು ದ್ರಾವಣ ಸೇರಿಸಿದರೆ ಫ್ಲೋರೈಡ್ ಹೆಚ್ಚಿದ್ದಷ್ಟೂ ಬಣ್ಣ ತಿಳಿಯಾಗುತ್ತದೆ. 570 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಹಾಯಿಸಿ ಎಷ್ಟು ಬೆಳಕು ಹೀರಿಕೊಂಡಿತು ಎಂದು ನೋಡುತ್ತಾರೆ. ಪ್ರಮಾಣ ಗೊತ್ತಿರುವ ನಾಲ್ಕೈದು ದ್ರಾವಣಗಳನ್ನು ಮೊದಲು ಅಳೆದು ಒಂದು ಗೆರೆ ಎಳೆದುಕೊಂಡಿರುತ್ತಾರೆ. ಗೊತ್ತಿಲ್ಲದ ನೀರು ಆ ಗೆರೆಯ ಮೇಲೆ ಎಲ್ಲಿ ಕೂರುತ್ತದೋ ಅದೇ ಉತ್ತರ. ಒಂದು ತೊಡಕಿದೆ. ಈ ಗೆರೆ ಸುಮಾರು 1.4 ಮಿಲಿಗ್ರಾಂವರೆಗೆ ಮಾತ್ರ ನೆಟ್ಟಗಿರುತ್ತದೆ. ಅದಕ್ಕಿಂತ ಜಾಸ್ತಿ ಇದೆ ಎಂದು ಕಂಡರೆ ಮಾದರಿಗೆ ಬಟ್ಟಿ ಇಳಿಸಿದ ನೀರು ಬೆರೆಸಿ ತೆಳು ಮಾಡಿ ಮತ್ತೆ ಅಳೆಯಬೇಕು, ಬಂದ ಉತ್ತರವನ್ನು ಎಷ್ಟು ಪಟ್ಟು ತೆಳು ಮಾಡಿದೆವೋ ಅಷ್ಟರಿಂದ ಗುಣಿಸಬೇಕು. ಪಿಯುಸಿ ಹುಡುಗರಿಗೂ ಗೊತ್ತಿರುವ ಲೆಕ್ಕ. ನಾನು ಎಡವಿದ್ದು ಇಲ್ಲಿಯೇ.

ಆ ಲೆಕ್ಕಕ್ಕೆ ನಮ್ಮ ಹಿರಿಯ ಸಂಶೋಧಕರೊಬ್ಬರು ಬಹಳ ಹಿಂದೆ ಒಂದು ಚಿಕ್ಕ ಪ್ರೋಗ್ರಾಂ ಬರೆದಿದ್ದರು. ಆರ್ ಎಂಬ ಮುಕ್ತ ಭಾಷೆಯಲ್ಲಿ ಬರೆದದ್ದು, ಜಿಪಿಎಲ್ ಪರವಾನಗಿಯಲ್ಲಿ ಬಿಟ್ಟದ್ದು. ಅವರು ಊರು ಬಿಟ್ಟರು, ಪ್ರೋಗ್ರಾಂ ಉಳಿಯಿತು. ಕೆಲವು ಕಾಲೇಜುಗಳ ಹಳೆಯ ಕಂಪ್ಯೂಟರುಗಳಲ್ಲಿ ಅದು ವರ್ಷಗಟ್ಟಲೆ ದುಡಿಯಿತು. ಹೊಸ ಕಂಪ್ಯೂಟರು ಬಂದಾಗ ಅದು ಓಡಲಿಲ್ಲ. ನಾನು ಅದನ್ನು ತೆಗೆದುಕೊಂಡು ತಿದ್ದಿದೆ, ಪರದೆಯ ಮೇಲಿನ ಮಾತುಗಳನ್ನು ಕನ್ನಡಕ್ಕೆ ತಂದೆ, ಗ್ರಾಫ್ ಚೆನ್ನಾಗಿ ಕಾಣುವಂತೆ ಮಾಡಿದೆ. ಹಳೆಯದಕ್ಕೆ ಒಂದು ಕೆಟ್ಟ ಅಭ್ಯಾಸವಿತ್ತು: ಪ್ರತಿಯೊಂದು ಮಾದರಿಗೂ ನಿಂತು ‘ಎಷ್ಟು ಪಟ್ಟು ಡೈಲ್ಯೂಟ್ ಮಾಡಿದ್ದೀರಿ?’ ಎಂದು ಕೇಳುತ್ತಿತ್ತು. ನಲವತ್ತು ಮಾದರಿಗೆ ನಲವತ್ತು ಸಲ. ನನಗೆ ಅದು ಕಿರಿಕಿರಿ ಅನ್ನಿಸಿತು. ಆ ಪ್ರಶ್ನೆಯನ್ನೇ ತೆಗೆದುಹಾಕಿ, ಮಾಹಿತಿಯ ಕಡತದಲ್ಲಿ ಅದಕ್ಕೊಂದು ಕಾಲಂ ಇಟ್ಟೆ. ಕಾಲಂ ಸಿಗದಿದ್ದರೆ ಒಂದು ಎಂದು ಹಿಡಿಯಲಿ ಎಂದು ಬರೆದೆ. ಒಂದು ಎಂದರೆ ತೆಳು ಮಾಡಿಲ್ಲ ಎಂದು ಅರ್ಥ.

ನನ್ನ ಕಾಲಂಗೆ ನಾನಿಟ್ಟ ಹೆಸರು ಬೇರೆ, ಕಾಲೇಜುಗಳಲ್ಲಿ ವರ್ಷಗಳಿಂದ ಬಳಸುತ್ತಿದ್ದ ಕಡತಗಳಲ್ಲಿದ್ದ ಹೆಸರು ಬೇರೆ. ಪ್ರೋಗ್ರಾಂಗೆ ಕಾಲಂ ಸಿಗಲಿಲ್ಲ. ಅದು ತಕರಾರು ಮಾಡದೆ, ನಾನು ಹೇಳಿಕೊಟ್ಟಂತೆ, ಎಲ್ಲವನ್ನೂ ಒಂದರಿಂದ ಗುಣಿಸಿತು. ಎರಡು ಪಟ್ಟು ತೆಳು ಮಾಡಿದ ನೀರಿನ ಫ್ಲೋರೈಡ್ ಅರ್ಧಕ್ಕೆ ಇಳಿಯಿತು. 2.2 ಇದ್ದದ್ದು 1.1 ಆಯಿತು.

ಗೊತ್ತಾದದ್ದು ಹೇಗೆಂದರೆ, ಅಂತಿಮ ವರ್ಷದ ಹುಡುಗರ ಒಂದು ಪ್ರಾಜೆಕ್ಟ್ ವರದಿಯನ್ನು ಯಾರೋ ನನಗೆ ಕಳಿಸಿಕೊಟ್ಟಿದ್ದರು. ಮೂವತ್ತಕ್ಕೂ ಹೆಚ್ಚು ಕೊಳವೆಬಾವಿಗಳ ಪಟ್ಟಿ. ಓದುತ್ತಾ ಖುಷಿಯೇ ಆಯಿತು, ನಮ್ಮ ಕಡೆಯ ನೀರು ಪರವಾಗಿಲ್ಲವಲ್ಲ ಎಂದು. ಎರಡನೆಯ ಸಲ ಓದಿದಾಗ ಹೊಟ್ಟೆಯೊಳಗೆ ಏನೋ ಕಲಕಿತು. ಆ ಪಟ್ಟಿಯಲ್ಲಿ ಒಂದೇ ಒಂದು ಸಂಖ್ಯೆಯೂ 1.4 ದಾಟಿರಲಿಲ್ಲ. ಭೂಮಿಯೊಳಗಿನ ನೀರಿಗೆ ನಮ್ಮ ವಿಧಾನದ ಮಿತಿ ಗೊತ್ತಿರುವುದಿಲ್ಲ.

ಆ ದಿನ ಸಂಜೆ ನಾನು ಮೊದಲು ಮಾಡಿದ ಕೆಲಸ ತಪ್ಪು ಹುಡುಕುವುದಲ್ಲ, ಪರವಾನಗಿ ಓದುವುದು. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಜಿಪಿಎಲ್ ಮಾತ್ರವಲ್ಲ, ಬಹುತೇಕ ಎಲ್ಲ ಮುಕ್ತ ಪರವಾನಗಿಗಳಲ್ಲೂ ಒಂದು ಭಾಗ ಇರುತ್ತದೆ: ಇದಕ್ಕೆ ಯಾವ ಗ್ಯಾರಂಟಿಯೂ ಇಲ್ಲ, ಇದ್ದದ್ದನ್ನು ಇದ್ದ ಹಾಗೆ ಕೊಟ್ಟಿದ್ದೇವೆ, ನಷ್ಟವಾದರೆ ನಾವು ಹೊಣೆಯಲ್ಲ. ಆ ಭಾಗವನ್ನು ಮೂರು ಸಲ ಓದಿದೆ. ಕಾನೂನಿನ ಕಣ್ಣಿನಲ್ಲಿ ನನ್ನ ಮೇಲೆ ಏನೂ ಇಲ್ಲ ಎಂದು ಮನವರಿಕೆಯಾಯಿತು. ನಿದ್ದೆ ಮಾತ್ರ ಬರಲಿಲ್ಲ.

ಮಾರನೆಯ ದಿನ ನನ್ನ ಲ್ಯಾಬಿನ ಗೆಳತಿಗೆ ಹೇಳಿದೆ. ಅವಳು ತರ್ಕದಲ್ಲಿ ಗಟ್ಟಿ. “ನೀನು ಕೋಡ್ ಮುಚ್ಚಿಟ್ಟು ಕೊಟ್ಟಿದ್ಯಾ? ಇಲ್ಲ. ಯಾರು ಬೇಕಾದ್ರೂ ತೆಗೆದು ನೋಡಬಹುದಿತ್ತು. ನೋಡದೇ ಇದ್ದದ್ದು ಅವರ ತಪ್ಪು. ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಅಂತಾರೆ, ವಿಜ್ಞಾನದಲ್ಲಿ ಎಣಿಸಲೇಬೇಕು” ಎಂದಳು. ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಮುಕ್ತ ತಂತ್ರಾಂಶದ ಇಡೀ ಚಳವಳಿ ನಿಂತಿರುವುದೇ ಹಲ್ಲು ಎಣಿಸುವ ಹಕ್ಕಿನ ಮೇಲೆ. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನು ಯೋಜನೆ ಘೋಷಿಸಿದಾಗಿನಿಂದ ಅವರು ಹೇಳುತ್ತಾ ಬಂದದ್ದು ಬೆಲೆಯ ಮಾತಲ್ಲ. ಬಳಸುವ, ಒಳಗೆ ನೋಡಿ ತಿದ್ದುವ, ಹಂಚುವ, ತಿದ್ದಿದ್ದನ್ನೂ ಹಂಚುವ ಸ್ವಾತಂತ್ರ್ಯದ ಮಾತು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದವಾದ್ದರಿಂದ ಅವರು ಜೀವಮಾನವಿಡೀ ಅದನ್ನು ಬಿಡಿಸಿ ಹೇಳಬೇಕಾಯಿತು. ನಮಗೆ ಆ ತೊಂದರೆ ಇಲ್ಲ: ಮುಕ್ತ ಬೇರೆ, ಉಚಿತ ಬೇರೆ. ಆದರೆ ನಮ್ಮ ‘ಉಚಿತ’ದಲ್ಲಿ ಬೇರೊಂದು ಕೊಕ್ಕೆಯಿದೆ. ಆ ಪದದ ಮೂಲ ಅರ್ಥ ತಕ್ಕದ್ದು, ಯೋಗ್ಯವಾದದ್ದು ಎಂದು. ಔಚಿತ್ಯ, ಸಮುಚಿತ ಎನ್ನುವಾಗ ಈಗಲೂ ಅದೇ ಅರ್ಥ. ಅದು ಯಾವಾಗಲೋ ‘ಬಿಟ್ಟಿ’ ಎನ್ನುವಲ್ಲಿಗೆ ಬಂದು ನಿಂತಿದೆ. ಉಚಿತವಾಗಿ ಕೊಟ್ಟದ್ದು ಉಚಿತವಾಗಿತ್ತೇ ಎಂದು ಕೇಳಿದರೆ ಕನ್ನಡದಲ್ಲಿ ಅದು ಬರೀ ಶ್ಲೇಷೆಯಲ್ಲ.

ಗೆಳತಿಯ ವಾದದಲ್ಲಿರುವ ಬಿರುಕು ಇದು. ಕೋಡ್ ತೆರೆದಿದೆ ಎಂಬುದಕ್ಕೂ ಯಾರೋ ಓದುತ್ತಾರೆ ಎಂಬುದಕ್ಕೂ ನಡುವೆ ಬಹಳ ದೂರವಿದೆ. ತಾಲ್ಲೂಕು ಮಟ್ಟದ ಪ್ರಯೋಗಾಲಯದಲ್ಲಿ ಪಾಠ, ಪರೀಕ್ಷೆ, ಪ್ರಾಕ್ಟಿಕಲ್ಸ್ ನಡುವೆ ಆರ್ ಭಾಷೆಯ ನಾನೂರು ಸಾಲು ಓದುವವರು ಯಾರು? ಅವರಿಗೆ ಕೊಟ್ಟ ಸ್ವಾತಂತ್ರ್ಯ ನಿಜವಾದದ್ದೇ, ಆದರೆ ಅದನ್ನು ಬಳಸುವ ಬಿಡುವನ್ನು ಯಾರೂ ಕೊಟ್ಟಿಲ್ಲ. ‘ನೀವೇ ನೋಡಬಹುದಿತ್ತಲ್ಲ’ ಎನ್ನುವುದು ಓದು ಬಾರದವರಿಂದ ಹೆಬ್ಬೆಟ್ಟು ಒತ್ತಿಸಿಕೊಂಡು ಪತ್ರದಲ್ಲಿ ಎಲ್ಲಾ ಬರೆದಿತ್ತಲ್ಲ ಎಂದಂತೆ.

ಓದಬಲ್ಲವರ ನಡುವೆಯೂ ಹೀಗೇ ಆಗುತ್ತದೆ. 2014ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ವಿಲ್ಲಬಿ, ಹೋಯ್ ಮತ್ತು ಅವರ ಸಹೋದ್ಯೋಗಿ ಸೇರಿ ಅಣುಗಳ ರಚನೆ ಗುರುತಿಸಲು ನೆರವಾಗುವ ಒಂದು ವಿಧಾನವನ್ನು ನೇಚರ್ ಪ್ರೋಟೋಕಾಲ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಜೊತೆಗೆ ಅದಕ್ಕೆ ಬೇಕಾದ ಪೈಥಾನ್ ಪ್ರೋಗ್ರಾಂಗಳನ್ನೂ ಎಲ್ಲರಿಗೂ ಬಿಟ್ಟುಕೊಟ್ಟರು. ಐದು ವರ್ಷ ರಸಾಯನಶಾಸ್ತ್ರಜ್ಞರು ಅದನ್ನು ನಂಬಿ ಬಳಸಿದರು. 2019ರಲ್ಲಿ ಹವಾಯಿ ವಿಶ್ವವಿದ್ಯಾಲಯದವರಿಗೆ ಒಂದೇ ಮಾಹಿತಿಗೆ ಒಂದೊಂದು ಕಂಪ್ಯೂಟರಿನಲ್ಲಿ ಒಂದೊಂದು ಉತ್ತರ ಬಂತು. ಕಾರಣ ಹುಡುಕಿದರೆ ಎಷ್ಟು ಸಣ್ಣದು! ಪ್ರೋಗ್ರಾಂ ಒಂದು ಫೋಲ್ಡರಿನಲ್ಲಿರುವ ಕಡತಗಳನ್ನು ಕೇಳಿ ಪಡೆಯುತ್ತಿತ್ತು. ಅವು ಹೆಸರಿನ ಕ್ರಮದಲ್ಲಿ ಬರುತ್ತವೆ ಎಂದು ನಂಬಿತ್ತು. ವಿಂಡೋಸ್‌ನಲ್ಲಿ ಆ ನಂಬಿಕೆ ಸರಿಹೋಗುತ್ತಿತ್ತು, ಕೆಲವು ಬೇರೆ ವ್ಯವಸ್ಥೆಗಳಲ್ಲಿ ಆಗುತ್ತಿರಲಿಲ್ಲ. ಕ್ರಮ ಕೆಟ್ಟರೆ ಒಂದು ಕಡತದ ಸಂಖ್ಯೆ ಇನ್ನೊಂದರ ಜೊತೆ ಸೇರಿ ಉತ್ತರವೇ ಬೇರೆಯಾಗುತ್ತಿತ್ತು. ನೂರಕ್ಕೂ ಹೆಚ್ಚು ಪ್ರಬಂಧಗಳ ಮೇಲೆ ಇದರ ನೆರಳು ಬಿದ್ದಿರಬಹುದೆಂಬ ಅನುಮಾನ ಎದ್ದಿತು. ಹವಾಯಿಯವರು ತಪ್ಪನ್ನಷ್ಟೇ ಎತ್ತಿ ತೋರಿಸಲಿಲ್ಲ. ತಿದ್ದಿದ ಪ್ರತಿಯನ್ನೂ ತಮ್ಮ ಪ್ರಬಂಧದ ಜೊತೆಗೇ ಕೊಟ್ಟರು.

ಈ ಕಥೆಯನ್ನು ಹೇಳುವವರಲ್ಲಿ ಎರಡು ಬಗೆ. ಕೋಡ್ ತೆರೆದಿದ್ದರಿಂದಲೇ ತಪ್ಪು ಸಿಕ್ಕಿತು ಎನ್ನುವವರು ಒಂದು ಕಡೆ, ತೆರೆದಿದ್ದರೂ ಐದು ವರ್ಷ ಬೇಕಾಯಿತು ಎನ್ನುವವರು ಇನ್ನೊಂದು ಕಡೆ. ಎರಡೂ ನಿಜ. ನನಗೆ ಅದರಲ್ಲಿ ಬೇರೆಯದೇ ಕಂಡಿತು. ಅವರ ಪ್ರೋಗ್ರಾಂ ಯಾರ ಕೈಯಲ್ಲಿದ್ದದ್ದನ್ನೂ ಕಿತ್ತುಕೊಳ್ಳಲಿಲ್ಲ. ಇಲ್ಲದಿದ್ದ ಕಡೆ ಒಂದು ಹೊಸ ವಸ್ತು ಇಟ್ಟರು, ಬೇಕಾದವರು ಬಂದು ತೆಗೆದುಕೊಂಡರು. ನಾನು ಮಾಡಿದ್ದು ಅದಲ್ಲ. ಸರಿಯಾದ ಉತ್ತರ ಕೊಡುತ್ತಿದ್ದ ಒಂದು ಹಳೆಯ ಪ್ರೋಗ್ರಾಂ ಅಲ್ಲಿತ್ತು. ನಾನಾಗಿಯೇ ಹೋಗಿ, ಇದು ಹಳೆಯದಾಯಿತು, ಅಳಿಸಿಬಿಡಿ, ಇನ್ನು ಮೇಲೆ ಇದನ್ನು ಬಳಸಿ ಎಂದೆ. ಅವರು ನನ್ನ ಮಾತು ನಂಬಿ ಅಳಿಸಿದರು.

ಕೊಡುವುದರಲ್ಲಿ ಈ ಎರಡು ಬಗೆಗಳನ್ನು ನಾವು ಸಾಕಷ್ಟು ಬಿಡಿಸಿ ನೋಡುವುದಿಲ್ಲ ಎಂದು ನನಗೆ ಅನ್ನಿಸುತ್ತದೆ. ಹಸಿದವರಿಗೆ ಅನ್ನ ಕೊಟ್ಟವರ ಮೇಲೆ ನಾಳೆಯೂ ಕೊಡಬೇಕೆಂಬ ಋಣ ಇಲ್ಲ. ಆದರೆ ಅವರು ಉಣ್ಣುತ್ತಿದ್ದ ತಟ್ಟೆ ಎಳೆದು ‘ಇದಕ್ಕಿಂತ ಒಳ್ಳೆಯದು ತಂದಿದ್ದೇನೆ’ ಎಂದರೆ? ಆಗ ತಂದದ್ದು ಪುಕ್ಕಟೆ ಎಂಬ ಸಮಾಧಾನ ನಡೆಯುವುದಿಲ್ಲ. ಹೊಸ ಆವೃತ್ತಿಯ ಹೊಣೆ ಹುಟ್ಟುವುದು ಬೆಲೆಯಿಂದಲ್ಲ, ಹಳೆಯದನ್ನು ಪಕ್ಕಕ್ಕೆ ಸರಿಸಿದ್ದರಿಂದ. ಅಪ್‌ಡೇಟ್ ಎನ್ನುವ ಪದ ಇದನ್ನು ಮುಚ್ಚಿಬಿಡುತ್ತದೆ. ಬರೀ ಸೇರಿಸಿದೆವು ಎಂಬಂತೆ ಕೇಳಿಸುತ್ತದೆ, ತೆಗೆದದ್ದು ಕೇಳಿಸುವುದಿಲ್ಲ.

ಹಾಗಾದರೆ ಹಳೆಯದನ್ನು ಮುಟ್ಟಲೇಬಾರದೇ? ಹಾಗೂ ಅಲ್ಲ. ನಾನು ಬಳಸಿದ ಆರ್ ಭಾಷೆಯೇ ಒಂದು ಉದಾಹರಣೆ. ಆಕ್ಲೆಂಡಿನ ರಾಸ್ ಇಹಾಕ ಮತ್ತು ರಾಬರ್ಟ್ ಜೆಂಟಲ್ಮನ್ ಕಟ್ಟಿ 1995ರಲ್ಲಿ ಮುಕ್ತವಾಗಿ ಬಿಟ್ಟದ್ದು. ಒಂದು ಗುಂಪಿನಿಂದ ಕೆಲವನ್ನು ಯಾದೃಚ್ಛಿಕವಾಗಿ ಆರಿಸುವ ಅದರ ಆಜ್ಞೆಯಲ್ಲಿ ಒಂದು ಸೂಕ್ಷ್ಮ ದೋಷವಿತ್ತು. ಗುಂಪು ತೀರಾ ದೊಡ್ಡದಾದಾಗ ಎಲ್ಲರಿಗೂ ಸಮಾನ ಅವಕಾಶ ಸಿಗುತ್ತಿರಲಿಲ್ಲ. 2019ರ 3.6.0 ಆವೃತ್ತಿಯಲ್ಲಿ ಅದನ್ನು ಸರಿಪಡಿಸಿದರು. ಸರಿಪಡಿಸಿದರೆ ಹಳೆಯ ಪ್ರಬಂಧಗಳ ಲೆಕ್ಕವನ್ನು ಮರಳಿ ಮಾಡಿದಾಗ ಬೇರೆ ಸಂಖ್ಯೆ ಬರುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಹಾಗಾಗಿ ಬದಲಾವಣೆಯನ್ನು ಬಹಿರಂಗವಾಗಿ ಬರೆದರು. ಹಳೆಯ ಕ್ರಮವೇ ಬೇಕೆಂದವರಿಗೆ ಅದನ್ನು ಮತ್ತೆ ಚಾಲೂ ಮಾಡುವ ದಾರಿಯನ್ನೂ ಉಳಿಸಿದರು. ತಪ್ಪಾದ ಹಳೆಯದನ್ನೂ ಎಸೆಯಲಿಲ್ಲ. ನಾನೋ, ಸರಿಯಾಗಿದ್ದ ಹಳೆಯದನ್ನು ಎಸೆಯಿಸಿದ್ದೆ.

ಇನ್ನೊಂದು ಸಂಗತಿಯೂ ನನ್ನನ್ನು ಚುಚ್ಚಿತು. ನಾನು ಮೂರು ಸಲ ಓದಿದ ಅದೇ ಜಿಪಿಎಲ್‌ನ ಪೀಠಿಕೆಯಲ್ಲಿ, ಗ್ಯಾರಂಟಿ ಇಲ್ಲ ಎಂಬುದರ ಪಕ್ಕದಲ್ಲೇ, ಇನ್ನೊಂದು ಮಾತಿದೆ. ತಿದ್ದಿದ ಪ್ರತಿಗಳಲ್ಲಿ ತಿದ್ದಲಾಗಿದೆ ಎಂದು ಗುರುತು ಹಾಕಬೇಕು. ತಿದ್ದಿದವರ ತಪ್ಪು ಮೂಲ ಬರೆದವರ ತಲೆಗೆ ಬರಬಾರದು ಎಂಬುದು ಅದರ ಭಾವ. ನಾನು ಹಂಚಿದ ಪ್ರತಿಯ ಮೊದಲ ಪರದೆಯಲ್ಲಿ ಇದ್ದದ್ದು ಆ ಹಿರಿಯರ ಹೆಸರೊಂದೇ. ವಿನಯದಿಂದ ಹಾಗೆ ಬಿಟ್ಟಿದ್ದೆ. ವಿನಯವೆಂದು ನಾನು ತಿಳಿದದ್ದು ಅವರ ತಲೆಗೆ ನನ್ನ ತಪ್ಪನ್ನು ಕಟ್ಟಿತ್ತು.

ಎರಡನೆಯ ಸಲ ಹೊರಟಾಗ ಮೊದಲು ಅರಸೀಕೆರೆಯಲ್ಲೇ ಒಬ್ಬ ಅಧ್ಯಾಪಕರನ್ನು ಕಂಡೆ. ಒಳ್ಳೆಯವರು, ಕಾಫಿ ತರಿಸಿದರು. ಪೂರ್ತಿ ಕೇಳಿಸಿಕೊಂಡು, “ಅಲ್ಲಮ್ಮಾ, ಫ್ರೀಯಾಗಿ ಕೊಟ್ಟಿದ್ದೀಯ. ಅದಕ್ಕೂ ಬಸ್ ಚಾರ್ಜ್ ಹಾಕ್ಕೊಂಡು ಬಂದಿದ್ದೀಯಾ? ರಿಪೋರ್ಟ್ ಕೊಟ್ಟಾಯ್ತು, ಮಕ್ಕಳು ಪಾಸೂ ಆದ್ರು. ಹೊಸ ಕಾಪಿ ಹಾಕ್ಹೋಗು, ಸಾಕು” ಎಂದರು. ಹಳೆಯ ಲೆಕ್ಕವನ್ನು ಮತ್ತೆ ನೋಡೋಣ ಸರ್ ಎಂದೆ. ನಗುತ್ತಾ ವಿಷಯ ಬದಲಿಸಿದರು. ಅವರನ್ನು ದೂರಲಾರೆ. ನಮ್ಮಲ್ಲಿ ವಿದ್ಯಾರ್ಥಿಗಳ ಪ್ರಾಜೆಕ್ಟಿನ ಸಂಖ್ಯೆಗಳು ನಿಜವೆಂದು ಯಾರೂ ಅಂದುಕೊಳ್ಳುವುದಿಲ್ಲ. ಅವು ಅಂಕಕ್ಕಾಗಿ ಇರುವ ಸಂಖ್ಯೆಗಳು. ಆದರೆ ನೀರು ಕುಡಿಯುವವರಿಗೆ ಈ ಒಳಗುಟ್ಟು ಗೊತ್ತಿಲ್ಲ.

ಬೇಲೂರಿನಲ್ಲಿ ನನಗೆ ಬೇಕಾದವರು ಮಧ್ಯಾಹ್ನದ ನಂತರ ಸಿಗುವವರಿದ್ದರು. ಅಲ್ಲಿಯವರೆಗೆ ಗುಡಿಯಲ್ಲಿ ಕೂತಿದ್ದೆ. ಚಿಕ್ಕಂದಿನಿಂದ ನೋಡಿದ ಗುಡಿ, ಆ ದಿನ ಮಾತ್ರ ಆವೃತ್ತಿಗಳಾಗಿ ಕಂಡಿತು. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ, ಪ್ರತಿಷ್ಠೆಯಾದಾಗ ನವರಂಗ ಸುತ್ತಲೂ ತೆರೆದಿತ್ತು. ಈಗ ನಾವು ಬೆರಗಿನಿಂದ ನೋಡುವ ಜಾಲಂಧ್ರಗಳು ಆಮೇಲೆ, ಇಮ್ಮಡಿ ಬಲ್ಲಾಳನ ಕಾಲದಲ್ಲಿ ಬಂದವು. ವಿಜಯನಗರದ ಕಾಲದಲ್ಲಿ, 1381ರಲ್ಲಿ, ನಾಲ್ಕು ಗ್ರಾನೈಟ್ ಕಂಬ ಸೇರಿಸಿದರು. 1397ರಲ್ಲಿ ಗುಂಡ ದಂಡನಾಯಕ ಮಹಾದ್ವಾರದ ಗೋಪುರವನ್ನು ಕಟ್ಟಿಸಿದ. ಗರ್ಭಗುಡಿಯ ಮೇಲಿದ್ದ ಶಿಖರವನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಭಾರ ತಾಳದೆಂದು ಇಳಿಸಿದರು. ಬಳಪದ ಕಲ್ಲಿನ ಕೆಲಸದ ನಡುವೆ ಗ್ರಾನೈಟ್ ಕಂಬ ತಾನು ಬೇರೆ ಎಂಬುದನ್ನು ಬಚ್ಚಿಡಲಾರದು. ದುರಸ್ತಿ ಮಾಡಿದವರು ಅದನ್ನು ಮೂಲದಂತೆ ಕಾಣಿಸಲು ಹೊರಡಲಿಲ್ಲ. ಯಾರು, ಯಾವಾಗ ಮಾಡಿಸಿದರು ಎಂಬುದನ್ನು ಶಾಸನವಾಗಿ ಬರೆದಿಟ್ಟರು. ಹೊಯ್ಸಳರ ಶಿಲ್ಪಿಗಳೂ ಹಾಗೇ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿದರು. ಅದನ್ನು ನಾವು ಶಿಲ್ಪಿಗಳ ಅಭಿಮಾನ ಎಂದು ಓದುತ್ತೇವೆ. ಆ ಮಧ್ಯಾಹ್ನ ನನಗೆ ಅದು ವಿಳಾಸದಂತೆ ಕಂಡಿತು: ಇದರಲ್ಲಿ ಏನಾದರೂ ಕೊರತೆಯಿದ್ದರೆ ಕೇಳಬೇಕಾದವನು ನಾನು.

ಪ್ರಯೋಗಾಲಯದಲ್ಲಿ ನನಗೆ ಸಿಕ್ಕವರು ನಿವೃತ್ತಿಗೆ ಹತ್ತಿರವಿದ್ದ ಅಟೆಂಡರ್. ಮಾದರಿ ತೆಳು ಮಾಡುವುದು, ಯಂತ್ರಕ್ಕಿಡುವುದು, ಕಂಪ್ಯೂಟರಿಗೆ ಹಾಕುವುದು ಎಲ್ಲವೂ ಅವರದೇ ಕೈ. ನಾನು ತಡವರಿಸುತ್ತಾ ತಪ್ಪನ್ನು ವಿವರಿಸಿದೆ. ಅವರು ಸಿಟ್ಟಾಗಲಿಲ್ಲ. ಬೀರು ತೆಗೆದು ಒಂದು ಉದ್ದನೆಯ ನೋಟ್‌ಬುಕ್ ತಂದರು. ಪ್ರತಿ ಮಾದರಿಯ ಎದುರಿಗೂ ಎಷ್ಟು ಪಟ್ಟು ನೀರು ಬೆರೆಸಿದೆ ಎಂದು ಪೆನ್ಸಿಲಿನಲ್ಲಿ ಬರೆದಿತ್ತು. ನನಗೆ ಅಳುವೇ ಬಂತು. ನೀವು ಬರೆದಿಟ್ಟಿದ್ದೀರಲ್ಲ, ಆಗ ಉತ್ತರ ಕಡಿಮೆ ಬಂದದ್ದು ಅನುಮಾನ ಬರಲಿಲ್ಲವೇ ಎಂದೆ.

“ಹಳೇದು ಪ್ರತಿ ಸಲ ಕೇಳ್ತಿತ್ತು ಕಣಮ್ಮ, ಎಷ್ಟು ಹಾಕಿದ್ದೀಯ ಅಂತ. ನೀನು ಕೊಟ್ಟಿದ್ದು ಕೇಳ್ಲೇ ಇಲ್ಲ. ಕೇಳ್ದೆ ಇದ್ಮೇಲೆ ಅದಕ್ಕೆ ಗೊತ್ತೈತೆ ಅಂದ್ಕೊಂಡೆ” ಎಂದರು.

ಇಷ್ಟು ದಿನ ನಾನು ಯೋಚಿಸಿದ್ದೆಲ್ಲ ಆ ಒಂದು ಮಾತಿನ ಮುಂದೆ ಸಣ್ಣದಾಯಿತು. ಕೇಳದಿದ್ದರೆ ಗೊತ್ತಿದೆ ಎಂದು ಅರ್ಥ ಮಾಡಿಕೊಳ್ಳುವುದು ಮೂರ್ಖತನವಲ್ಲ. ಮನುಷ್ಯರ ನಡುವೆ ನಾವೆಲ್ಲ ಹಾಗೇ ಬದುಕುತ್ತೇವೆ. ಔಷಧಿ ಅಂಗಡಿಯವರು ವಯಸ್ಸು ಕೇಳದೆ ಮಾತ್ರೆ ಕೊಟ್ಟರೆ, ಅವರಿಗೆ ತಿಳಿದಿರಬೇಕು ಅಂದುಕೊಳ್ಳುತ್ತೇವೆ. ಅನುಕೂಲಕ್ಕೆಂದು ನಾನು ತೆಗೆದ ಪ್ರಶ್ನೆ ಬರೀ ಒಂದು ಪ್ರಶ್ನೆಯಾಗಿರಲಿಲ್ಲ. ತನಗೆ ಗೊತ್ತಿಲ್ಲ ಎಂದು ಯಂತ್ರ ಒಪ್ಪಿಕೊಳ್ಳುವ ಜಾಗ ಅದಾಗಿತ್ತು. ಅದನ್ನು ತೆಗೆದು ಅಲ್ಲಿ ‘ಒಂದು’ ಎಂದು ತುಂಬಿದೆ. ಪ್ರೋಗ್ರಾಂ ಬರೆಯುವವರು ಇದಕ್ಕೆ ಡೀಫಾಲ್ಟ್ ಎನ್ನುತ್ತೇವೆ. ನೈತಿಕವಾಗಿ ನೋಡಿದರೆ ಅದು ಬೇರೊಬ್ಬರ ಪರವಾಗಿ, ಅವರಿಗೆ ತಿಳಿಸದೆ, ನಾವು ಕೊಟ್ಟುಬಿಡುವ ಉತ್ತರ.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಬದಿಯನ್ನೂ ಹೇಳದಿದ್ದರೆ ಅನ್ಯಾಯ. ಹೊಣೆಯನ್ನು ಹೀಗೆ ಬೆಳೆಸುತ್ತಾ ಹೋದರೆ ಕೊಡುವವರು ಉಳಿಯುವುದಿಲ್ಲ. ಎಕ್ಸ್‌ಜೆಡ್ ಎಂಬ ಒಂದು ಸಣ್ಣ ಮುಕ್ತ ತಂತ್ರಾಂಶ ಜಗತ್ತಿನ ಅಸಂಖ್ಯ ಕಂಪ್ಯೂಟರುಗಳಲ್ಲಿದೆ. ಅದನ್ನು ವರ್ಷಗಟ್ಟಲೆ ನೋಡಿಕೊಂಡದ್ದು ಸಂಬಳವಿಲ್ಲದ ಒಬ್ಬನೇ ವ್ಯಕ್ತಿ. ಹೊಸ ಆವೃತ್ತಿ ಯಾಕೆ ಬಂದಿಲ್ಲ ಎಂದು ಜನ ಗದರುತ್ತಿದ್ದರು. ದಣಿದ ಆತ ನೆರವಿಗೆ ಬಂದ ಒಬ್ಬ ಅಪರಿಚಿತನನ್ನು ನಂಬಿದ. ಆ ಅಪರಿಚಿತ ಒಳಗೆ ಕಳ್ಳಬಾಗಿಲು ಇಟ್ಟಿದ್ದ. 2024ರ ಮಾರ್ಚಿನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್, ಲಾಗಿನ್ ಆಗಲು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಬೆನ್ನು ಹತ್ತಿದ್ದರಿಂದ ಅದು ಹೊರಬಿತ್ತು. ಅಲ್ಲಿ ತಪ್ಪಿದ್ದು ಕೊಟ್ಟವನೇ? ಕೇಳುವ ಹಕ್ಕು ಮಾತ್ರ ತಮಗಿದೆ ಎಂದುಕೊಂಡ ಪಡೆದವರೇ?

ಪಡೆದವರ ಪಾಲು ನಮ್ಮ ಸೀಮೆಗೆ ಅಪರಿಚಿತವಲ್ಲ. ಅರಸೀಕೆರೆ ಎಂಬ ಹೆಸರೇ ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಬಂದದ್ದು ಎನ್ನುತ್ತಾರೆ. ಕೆರೆ ಕಟ್ಟಿಸುವುದು ಪುಣ್ಯದ ಕೆಲಸ. ನೀರಿಗೆ ಬಂದವರನ್ನು ಯಾರೂ ದುಡ್ಡು ಕೇಳುವುದಿಲ್ಲ. ಆದರೆ ಕಟ್ಟಿ ಬಿಟ್ಟರೆ ಹೂಳು ತುಂಬುತ್ತದೆ, ಏರಿ ಬಿರಿಯುತ್ತದೆ ಎಂಬುದು ಹಿಂದಿನವರಿಗೆ ಗೊತ್ತಿತ್ತು. ಅದಕ್ಕೇ ಕರ್ನಾಟಕದ ಶಾಸನಗಳಲ್ಲಿ ಬಿತ್ತುವಟ್ಟ ಎಂಬ ಪದ ಮತ್ತೆ ಮತ್ತೆ ಬರುತ್ತದೆ: ಕೆರೆಯ ನಿರ್ವಹಣೆಗೆಂದು ಬಿಟ್ಟ ಭೂಮಿ, ಅಥವಾ ಕೆರೆಯ ನೀರುಂಡ ಬೆಳೆಯಲ್ಲಿ ಒಂದು ಪಾಲು. ಕಟ್ಟಿಸಿದವರ ಔದಾರ್ಯ ಒಂದು ಸಲದ್ದು. ಉಳಿಸಿಕೊಳ್ಳುವ ಖರ್ಚು ನೀರು ಕುಡಿದ ಗದ್ದೆಯದು. ಮುಕ್ತ ತಂತ್ರಾಂಶಕ್ಕೆ ನಾವು ಕೆರೆ ಕಟ್ಟುವ ಪರವಾನಗಿಯನ್ನು ಚೆನ್ನಾಗಿ ಬರೆದುಕೊಂಡಿದ್ದೇವೆ, ಬಿತ್ತುವಟ್ಟ ಬರೆದಿಲ್ಲ. ನಮ್ಮ ಪ್ರಯೋಗಾಲಯಗಳ ಪಾಲು ಹಣವಾಗಿಯೇ ಇರಬೇಕಿಲ್ಲ. ಹೊಸದು ಬಂದಾಗ ಹಳೆಯದನ್ನು ತಿಂಗಳೊಪ್ಪತ್ತು ಪಕ್ಕದಲ್ಲಿಟ್ಟು ಎರಡರಲ್ಲೂ ಹತ್ತು ಮಾದರಿ ಹಾಕಿ ನೋಡುವುದು, ಬೇರೆ ಬಂದರೆ ಬರೆದವರಿಗೆ ಒಂದು ಮಾತು ತಿಳಿಸುವುದು. ಇಷ್ಟಾಗಿದ್ದರೆ ನನ್ನ ತಪ್ಪು ಒಂದು ವಾರದಲ್ಲಿ ಸಿಗುತ್ತಿತ್ತು. ಇದನ್ನು ಹೇಳುವ ಹಕ್ಕು ನನಗಿದೆಯೇ ಎಂದು ಅನುಮಾನ. ಅಳಿಸಿಬಿಡಿ ಎಂದವಳು ನಾನೇ.

ತಿದ್ದಿದ ಪ್ರತಿ ಈಗ ಮತ್ತೆ ಪ್ರಶ್ನೆ ಕೇಳುತ್ತದೆ. ಕಾಲಂ ಸಿಗದಿದ್ದರೆ ನಿಂತುಬಿಡುತ್ತದೆ, ಉತ್ತರವನ್ನೇ ಕೊಡುವುದಿಲ್ಲ. ಮೊದಲ ಪರದೆಯಲ್ಲಿ ಹಿರಿಯರ ಹೆಸರಿನ ಕೆಳಗೆ ನನ್ನ ಹೆಸರಿದೆ, ಯಾವ ತಿಂಗಳಿನಿಂದ ಯಾವ ತಿಂಗಳವರೆಗಿನ ಪ್ರತಿಯಲ್ಲಿ ಏನು ತಪ್ಪಿತ್ತು ಎಂದಿದೆ. ಹಳೆಯ ಪ್ರೋಗ್ರಾಂ ಕೂ ಅದರ ಜೊತೆಗೇ ಒಂದು ಫೋಲ್ಡರಿನಲ್ಲಿದೆ. ಆದರೆ ನಾನು ಕೊಟ್ಟದ್ದು ಮೂರು ಕಡೆ, ಅಲ್ಲಿಂದ ಅದು ಎಷ್ಟು ಪೆನ್‌ಡ್ರೈವ್ ಹತ್ತಿ ಎಲ್ಲೆಲ್ಲಿ ಇಳಿಯಿತೋ ಲೆಕ್ಕವಿಲ್ಲ. ಯಾರನ್ನೂ ಕೇಳದೆ ಹಂಚಬಹುದು ಎಂಬುದು ಮುಕ್ತ ತಂತ್ರಾಂಶದ ಸೊಗಸು. ಅದೇ ಕಾರಣಕ್ಕೆ ತಪ್ಪಿಗೆ ಹಿಂದಿರುಗುವ ದಾರಿ ಇಲ್ಲ. ಪಡೆದವರ ಹೆಸರು, ಫೋನ್ ನಂಬರ್ ಬರೆದುಕೊಂಡೇ ಕೊಡುವುದು ಎಂದು ನಿಯಮ ಮಾಡಿದರೆ ಆ ಸ್ವಾತಂತ್ರ್ಯವೇ ಹೋಯಿತು. ಇದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಬರುವಾಗ ಹಳೇಬೀಡಿನಲ್ಲಿ ಇಳಿದೆ. ಅಲ್ಲಿ ನನಗೆ ಗೊತ್ತಿದ್ದ ಒಬ್ಬ ಬಿ.ಎಸ್ಸಿ. ಹುಡುಗ ಕೆರೆ ಏರಿಯ ಹತ್ತಿರ ಕಾಯುತ್ತಿದ್ದ. ಲ್ಯಾಪ್‌ಟಾಪ್ ತಂದಿದ್ದ. ಕಟ್ಟೆಯ ಮೇಲೆ ಕೂತು ಅವನ ಹಳೆಯ ಕಡತವನ್ನು ಹೊಸ ಪ್ರತಿಗೆ ಹಾಕಿದೆವು. ಅದು ಒಂದೊಂದೇ ಮಾದರಿಗೆ ನಿಂತು ಕೇಳುತ್ತಾ ಹೋಯಿತು, ಅವನು ತನ್ನ ರೆಕಾರ್ಡ್ ಪುಸ್ತಕ ನೋಡಿ ಉತ್ತರಿಸುತ್ತಾ ಹೋದ. ಹದಿಮೂರನೆಯದಕ್ಕೆ ಬೆರಳು ನಿಂತಿತು. 1.1 ಇದ್ದದ್ದು 2.2 ಆಗಿತ್ತು.

“ಇದು ನಮ್ಮ ದೊಡ್ಡಮ್ಮನ ಮನೆ ಹತ್ರದ್ದು ಅಕ್ಕ. ನಾನೇ ಹೇಳಿ ಬಂದಿದ್ದೆ, ಕುಡೀರಿ ಏನೂ ಆಗಲ್ಲ ಅಂತ. ಅದಕ್ಕೆ ಮುಂಚೆ ಅವ್ರು ಪೇಟೆ ಫಿಲ್ಟರ್ ನೀರು ತರ್ತಿದ್ರು” ಎಂದ.

ಫೋನ್ ಮಾಡಿದ. ಆ ಕಡೆಯಿಂದ ಟಿವಿಯ ಸದ್ದು, ಹೆಂಗಸಿನ ದೊಡ್ಡ ದನಿ. ಅವನು ಎರಡು ವಾಕ್ಯ ಹೇಳಿ ಸಿಕ್ಕಿಹಾಕಿಕೊಂಡ. ಆವತ್ತು ಕಂಪ್ಯೂಟ್ರೇ ಹೇಳ್ತು ಅಂದ್ಯಲ್ಲೋ ಮಗಾ ಎಂದು ಆಕೆ ಕೇಳುತ್ತಿದ್ದದ್ದು ನನಗೂ ಕೇಳಿಸಿತು. ಅವನು ಫೋನನ್ನು ನನ್ನ ಕೈಗೆ ಕೊಟ್ಟ. “ಅಮ್ಮಾ, ನಾನು ಆ ಕಂಪ್ಯೂಟರಿಗೆ ಲೆಕ್ಕ ಬರೆದುಕೊಟ್ಟವಳು” ಎಂದು ಶುರು ಮಾಡಿದೆ.